ಬರಿಗೈಯವಳಿಗೆ ಕರ್ತನು ಕೊಡುವ ಕೆಲಸ

ಸ್ತ್ರೀಯರ ಕೂಟಗಳಿಗೂ ಮನೆಯ ಪ್ರಾರ್ಥನೆಗೂ ತಕ್ಕ ಒಂದು ಪಾಠ

ಮುಂಚಿತವಾಗಿ ಓದತಕ್ಕ ಭಾಗಗಳು: ರೂತಳು ೧ ಮತ್ತು ೨ನೆಯ ಅಧ್ಯಾಯಗಳು, ೨ ಅರಸು ೪:೧–೭, ಅಪೊಸ್ತಲರ ಕೃತ್ಯಗಳು ೯:೩೬–೪೨.



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಚದುರಿರುವ ನಮ್ಮ ಚಿಕ್ಕ ಸಭೆಗಳನ್ನು ಸಂದರ್ಶಿಸುತ್ತಾ ಹೋಗುವ ಉಪದೇಶಿಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುವದು. ಸುಗ್ಗಿಯ ಕಾಲದ ಒಂದು ಸಾಯಂಕಾಲ ನಾನು ಒಂದು ಮನೆಗೆ ಹೋದೆನು. ಅಂಗಳದಲ್ಲಿ ಗೋವಿನ ಜೋಳದ ತೆನೆಗಳನ್ನು ಒಣಹಾಕಿದ್ದರು. ಅದರ ಪಕ್ಕದಲ್ಲಿ ಆ ಮನೆಯ ವಿಧವೆಯಾದ ತಾಯಿಯು ಕೈಕಟ್ಟಿ ಕೂತಿದ್ದಳು. ಯೋಗಕ್ಷೇಮವನ್ನು ಕೇಳಿದಾಗ ಆಕೆಯು, “ನಂದೇನು ಉಳದೈತ್ರೀ ಉಪದೇಶಿಯವರ? ಅವರು ಇದ್ದಾಗ ಮನಿ ನಂದಿತ್ತು, ಕೆಲಸಾನೂ ಇತ್ತು. ಈಗ ಬರೇ ದಿನಾ ಎಣಿಸೂದು” ಅಂದಳು. ನಾನು ಒಂದು ಕೀರ್ತನೆಯನ್ನು ಓದಿ, ಪ್ರಾರ್ಥನೆಮಾಡಿ, ಎದ್ದುಬಂದೆನು. ಆದರೆ ದಾರಿಯುದ್ದಕ್ಕೂ ನನ್ನ ಮನಸ್ಸು ನನ್ನನ್ನು ಚುಚ್ಚಿತು. ಯಾಕಂದರೆ ಆಕೆಯು ಒಂದು ಪ್ರಶ್ನೆಯನ್ನು ಕೇಳಿದ್ದಳು. ನಾನು ಅದಕ್ಕೆ ಉತ್ತರವನ್ನು ಕೊಡದೆ ಬಂದಿದ್ದೆನು.

ಆ ಪ್ರಶ್ನೆಯು ಇದೇ: ಒಬ್ಬ ಸ್ತ್ರೀಯು ಇಷ್ಟು ದಿನ ಮಾಡಿದ ಕೆಲಸವು ಮುಗಿದುಹೋದಾಗ ದೇವರಿಗೆ ಅವಳಲ್ಲಿದ್ದ ಕೆಲಸವೂ ಮುಗಿಯಿತೋ? ಮುಗಿಯಲಿಲ್ಲವೆಂದು ಸತ್ಯವೇದವು ಸಾಕ್ಷಿ ಹೇಳುತ್ತದೆ. ನಮ್ಮ ನಾಡಿನ ಒಬ್ಬ ತಾಯಿಯ ಜೀವಿತವೂ ಅದಕ್ಕೆ ಸಾಕ್ಷಿಯಾಗಿದೆ. ಇದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

೧. ಹೊಸ್ತಿಲು ದಾಟುವವಳ ಕಷ್ಟ

ಬದಲಾವಣೆಯು ಗಂಡಸರಿಗೂ ಬರುತ್ತದೆ. ಆದರೆ ಸಾಮಾನ್ಯವಾಗಿ ಗಂಡಸು ಹುಟ್ಟಿದ ಊರಿನಲ್ಲೇ, ತಂದೆಯ ಹೊಲದಲ್ಲೇ ಮುದುಕನಾಗುತ್ತಾನೆ. ಸ್ತ್ರೀಯಾದರೋ ತವರಿನ ಹೊಸ್ತಿಲನ್ನು ದಾಟಿ ಗಂಡನ ಮನೆಗೆ ಬರುತ್ತಾಳೆ. ಮುಪ್ಪಿನಲ್ಲಿ ಅದೇ ಮನೆಯು ಮಗನ ಮನೆ, ಸೊಸೆಯ ಮನೆ ಆಗುತ್ತದೆ. ಒಂದೊಂದು ಹೊಸ್ತಿಲಿನಲ್ಲಿಯೂ ಅವಳ ಹೆಸರು, ಅವಳ ಅಧಿಕಾರ, ಅವಳ ಕೆಲಸ ಇವೆಲ್ಲಾ ಬದಲಾಗುವವು.

ನಮ್ಮ ಸಭೆಗಳಲ್ಲಿ ಈ ಹೊತ್ತು ಯಾರು ಯಾರು ಇಂಥ ಹೊಸ್ತಿಲಲ್ಲಿ ನಿಂತಿದ್ದಾರೆಂದು ಯೋಚಿಸಿರಿ. ಶಾಲೆಯನ್ನು ಮುಗಿಸಿ, ಮುಂದೆ ಓದಬೇಕೆಂಬ ಆಸೆಯಿದ್ದಾಗಲೇ ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯುಂಟು. ಗಂಡನನ್ನು ಕಳಕೊಂಡು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹಿಂದಿರುಗಿದ ತಂಗಿಯುಂಟು. ಇಪ್ಪತ್ತು ವರುಷ ಭತ್ತ ಕೊಯ್ದು, ಮೆಣಸಿನಕಾಯಿ ಹರಿದು ಸಂಸಾರವನ್ನು ನಡಿಸಿ, ಈಗ ಕೊಯ್ಯುವ ಯಂತ್ರವು ಹೊಲಕ್ಕೆ ಇಳಿದದರಿಂದಲೂ ಮೊಣಕಾಲು ಸೋತದರಿಂದಲೂ ಕೂಲಿಯನ್ನು ಕಳಕೊಂಡ ಅಕ್ಕನುಂಟು. ಮಕ್ಕಳನ್ನೆಲ್ಲಾ ಓದಿಸಿ ಹುಬ್ಬಳ್ಳಿಗೂ ಬೆಂಗಳೂರಿಗೂ ಕಳುಹಿಸಿ, ಬರಿದಾದ ಮನೆಯಲ್ಲಿ ಒಬ್ಬಳೇ ದೀಪ ಹಚ್ಚುವ ತಾಯಿಯುಂಟು. ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಬಹುಕಾಲ ಸೇವೆಮಾಡಿ ನಿವೃತ್ತಳಾದ ಅಮ್ಮನವರುಂಟು. ಇವರೆಲ್ಲರ ಕಷ್ಟವು ಬೇರೆ ಬೇರೆಯಾದರೂ ಒಳಗಿನ ಮಾತು ಒಂದೇ: “ಇನ್ನು ನನ್ನಿಂದ ಯಾರಿಗೆ ಏನು ಪ್ರಯೋಜನ?”

೨. ನೊವೊಮಿಯ ದೂರು

ನೊವೊಮಿಯು ಬರಗಾಲದ ನಿಮಿತ್ತ ಗಂಡನ ಮತ್ತು ಇಬ್ಬರು ಗಂಡುಮಕ್ಕಳ ಸಂಗಡ ಬೇತ್ಲೆಹೇಮನ್ನು ಬಿಟ್ಟು ಮೋವಾಬ್ ದೇಶಕ್ಕೆ ಹೋದಳು. ಅಲ್ಲಿ ಗಂಡನು ಸತ್ತನು. ಮಕ್ಕಳಿಬ್ಬರಿಗೂ ಮದುವೆಯಾಗಿ, ಸುಮಾರು ಹತ್ತು ವರುಷಗಳೊಳಗೆ ಅವರೂ ಸತ್ತರು. ಉಳಿದವಳು ಒಬ್ಬ ಮುದುಕಿ, ಇಬ್ಬರು ವಿಧವೆ ಸೊಸೆಯರು. ಬೇತ್ಲೆಹೇಮಿಗೆ ತಿರಿಗಿ ಬಂದಾಗ ಊರಿನ ಹೆಂಗಸರು ಅವಳ ಗುರುತು ಹಿಡಿದು ಹೆಸರಿನಿಂದ ಕರೆಯಲು, ಅವಳು ತನ್ನ ಹೆಸರನ್ನೇ ಬದಲಾಯಿಸಿ, ಕಹಿ ಎಂಬ ಅರ್ಥವುಳ್ಳ ಮಾರಾ ಎಂಬ ಹೆಸರಿನಿಂದ ತನ್ನನ್ನು ಕರೆಯುವಂತೆ ಹೇಳಿದಳು. ತುಂಬಿದವಳಾಗಿ ಹೋಗಿ ಬರಿಗೈಯವಳಾಗಿ ಬಂದೆನೆಂಬದೇ ಅವಳ ದೂರಾಗಿತ್ತು.

ಇಲ್ಲಿ ಮೂರು ಸಂಗತಿಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ.

ಮೊದಲನೆಯದು, ನೊವೊಮಿಯು ಹೀಗೆ ದೂರಿದಳೆಂದು ಸತ್ಯವೇದವು ಅವಳನ್ನು ಗದರಿಸುವದಿಲ್ಲ. ಅವಳ ಕಹಿಯನ್ನು ಇದ್ದಹಾಗೆಯೇ ಬರೆದಿಟ್ಟಿದೆ. ಆದದರಿಂದ ದುಃಖದಲ್ಲಿರುವ ಸ್ತ್ರೀಯನ್ನು ಕಂಡಕೂಡಲೆ, “ಅಳಬೇಡ, ವಿಶ್ವಾಸವಿಲ್ಲವೋ?” ಎಂದು ನಾವು ಗದರಿಸಬಾರದು.

ಎರಡನೆಯದು, ಅವಳು ಮೋವಾಬಿನಲ್ಲಿ ಕೂತುಬಿಡಲಿಲ್ಲ. ಕರ್ತನು ತನ್ನ ಜನರನ್ನು ಕಟಾಕ್ಷಿಸಿ ಆಹಾರವನ್ನು ಅನುಗ್ರಹಿಸಿದ್ದಾನೆಂಬ ಸುದ್ದಿಯನ್ನು ಕೇಳಿ ಎದ್ದು ಹೊರಟಳು. ಮನಸ್ಸು ಕಹಿಯಾಗಿದ್ದರೂ ಕಾಲು ನಡೆಯಿತು. ಮೊದಲು ಮನಸ್ಸು ಸರಿಯಾಗಲಿ, ಆಮೇಲೆ ಹೊರಡುವೆನೆಂದು ಕಾಯುತ್ತಿದ್ದರೆ ಅವಳು ಮೋವಾಬಿನಲ್ಲಿಯೇ ಸಾಯುತ್ತಿದ್ದಳು.

ಮೂರನೆಯದು, ಬರಿಗೈಯವಳೆಂದು ಅವಳು ಹೇಳಿಕೊಂಡಾಗ ರೂತಳು ಅವಳ ಪಕ್ಕದಲ್ಲಿಯೇ ನಿಂತಿದ್ದಳು. ಅವರು ಬಂದ ಕಾಲವು ಜವೆಗೋಧಿಯ ಸುಗ್ಗಿಯ ಪ್ರಾರಂಭವಾಗಿತ್ತೆಂತಲೂ ಬರೆದದೆ. ಸೊಸೆಯು ಪಕ್ಕದಲ್ಲಿದ್ದಳು, ಬೆಳೆಯು ಹೊಲದಲ್ಲಿತ್ತು. ಆದರೆ ಕಣ್ಣೀರು ತುಂಬಿದ ಕಣ್ಣಿಗೆ ಇವೆರಡೂ ಕಾಣಲಿಲ್ಲ. ಉಳಿದದ್ದನ್ನು ಕಾಣಲಾರದೆ ಹೋಗುವದು ನಷ್ಟದ ಒಂದು ಗುಣವಾಗಿದೆ.

೩. ರೂತಳ ಹಕ್ಕಲು

ರೂತಳ ಮುಂದೆ ದೊಡ್ಡ ಯೋಚನೆಯೇನೂ ಇರಲಿಲ್ಲ. ತಾನು ದಾವೀದನ ವಂಶಕ್ಕೆ ಮೂಲತಾಯಿಯಾಗುವೆನೆಂದು ಅವಳಿಗೆ ಯಾವ ದೇವದೂತನೂ ತಿಳಿಸಲಿಲ್ಲ. ಅವಳಿಗೆ ತಿಳಿದದ್ದು ಇಷ್ಟೇ: ಮನೆಯಲ್ಲಿ ಅತ್ತೆ ಹಸಿದಿದ್ದಾಳೆ, ಹೊಲದಲ್ಲಿ ಕೊಯ್ಲು ನಡೆಯುತ್ತಿದೆ. ಆದದರಿಂದ ಅತ್ತೆಯ ಅಪ್ಪಣೆಯನ್ನು ಪಡೆದು ಹಕ್ಕಲಾಯುವದಕ್ಕೆ ಹೋದಳು. ಹಕ್ಕಲು ಅಂದರೇನೆಂದು ನಮ್ಮ ಹಳ್ಳಿಯ ಸ್ತ್ರೀಯರಿಗೆ ವಿವರಿಸಬೇಕಾಗಿಲ್ಲ. ಕೊಯ್ದವರು ಬಿಟ್ಟುಹೋದ ತೆನೆಯನ್ನು ಬೆನ್ನು ಬಗ್ಗಿಸಿ ಆರಿಸುವದು ಮಾನದ ಕೆಲಸವಲ್ಲವೆಂದು ಲೋಕವು ಎಣಿಸುತ್ತದೆ. ದೇವರಾದರೋ ಅದನ್ನು ಬಡವರ ಹಕ್ಕಾಗಿ ಧರ್ಮಶಾಸ್ತ್ರದಲ್ಲಿಯೇ ನೇಮಿಸಿದ್ದನು (ಯಾಜಕಕಾಂಡ ೧೯, ಧರ್ಮೋಪದೇಶಕಾಂಡ ೨೪).

ಅವಳು ಯಾರ ಹೊಲಕ್ಕೆ ಹೋದಳೆಂಬದು ಅವಳಿಗೇ ಗೊತ್ತಿರಲಿಲ್ಲ. ಅದು ಬೋವಜನ ಹೊಲವಾಗಿತ್ತು. ಸಾಯಂಕಾಲ ಬಡಿದು ಅಳೆದಾಗ ಒಂದು ಏಫದಷ್ಟು ಜವೆಗೋಧಿ ಆಯಿತು; ನಮ್ಮ ಅಳತೆಯಲ್ಲಿ ಇಪ್ಪತ್ತು ಲೀಟರಿಗಿಂತ ಹೆಚ್ಚೆನ್ನಬಹುದು. ಆ ರಾತ್ರಿಯಲ್ಲಿಯೇ ನೊವೊಮಿಯ ಬಾಯಲ್ಲಿ ಮೊದಲನೆಯ ಸಾರಿ ಸ್ತೋತ್ರದ ಮಾತು ಬಂತು. ಕಡೆಗೆ ಓಬೇದನು ಹುಟ್ಟಿದಾಗ ಮಾರಾ ಎಂದು ಕರೆಯಿಸಿಕೊಂಡವಳೇ ಆ ಕೂಸಿಗೆ ದಾದಿಯಾದಳು. ರೂತಳಿಗೆ ಹೊಸ ಮನೆಯು ದೊರೆತಂತೆಯೇ ನೊವೊಮಿಗೂ ಹೊಸ ಕೆಲಸವು ದೊರೆಯಿತು.

ಇದರಿಂದ ನಾವು ಕಲಿಯುವದೇನಂದರೆ, ದೇವರ ಚಿತ್ತವೆಲ್ಲಾ ಮುಂಚಿತವಾಗಿ ತಿಳಿದ ಮೇಲೆ ಏಳುವೆನೆಂಬದು ವಿಶ್ವಾಸವಲ್ಲ. ಕೈಗೆ ಸಿಕ್ಕಿದ ನ್ಯಾಯವಾದ ಕೆಲಸವನ್ನು, ಅದು ಹಕ್ಕಲಿನಷ್ಟು ಚಿಕ್ಕದಾದರೂ, ಹತ್ತಿರದವರ ಪ್ರೀತಿಗೋಸ್ಕರ ಇಂದೇ ಪ್ರಾರಂಭಿಸುವದು ವಿಶ್ವಾಸವು. ಅದು ಯಾರ ಹೊಲವೆಂಬದನ್ನು ಕರ್ತನು ಆಮೇಲೆ ತೋರಿಸುವನು.

೪. ನಮ್ಮ ನಾಡಿನ ಒಂದು ಸಾಕ್ಷಿ: ಪಂಡಿತಾ ರಮಾಬಾಯಿಯವರು

“ಅದು ಸತ್ಯವೇದದ ಕಾಲದ ಮಾತು, ಈ ಕಾಲದಲ್ಲಿ ಹಾಗೆ ನಡೆಯುವದೋ?” ಎಂದು ಕೇಳುವವರುಂಟು. ಅವರಿಗಾಗಿ ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಬ್ಬ ತಾಯಿಯ ಚರಿತ್ರೆಯನ್ನು ಹೇಳುವೆನು.

ಹಾನಗಲ್ಲ, ಸವಣೂರು ಸೀಮೆಗಳಲ್ಲಿ ಹರಿಯುವ ವರದಾ ನದಿಯು ಗಳಗನಾಥದ ಬಳಿಯಲ್ಲಿ ತುಂಗಭದ್ರೆಯನ್ನು ಸೇರುವದೆಂದು ನಿಮಗೆ ತಿಳಿದದೆ. ಆ ತುಂಗೆಯೂ ಭದ್ರೆಯೂ ಹುಟ್ಟುವ ಸ್ಥಳವು ಪಶ್ಚಿಮ ಘಟ್ಟದ ಕಾಡಿನೊಳಗಿರುವ ಗಂಗಾಮೂಲ. ಅಲ್ಲಿಯೇ ೧೮೫೮ನೆಯ ಏಪ್ರಿಲ್ ೨೩ರಂದು ರಮಾಬಾಯಿಯವರು ಹುಟ್ಟಿದರು. ಅವರ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತ ಪಂಡಿತರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ರೂಢಿಯನ್ನು ಮೀರಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಕಲಿಸಿದರು; ಆ ತಾಯಿಯು ಮಗಳಿಗೆ ಕಲಿಸಿದಳು. ಕೂಸಾಗಿದ್ದಾಗಲೇ ರಮಾಬಾಯಿಯವರು ತಂದೆತಾಯಿಗಳೊಂದಿಗೆ ಆ ಕಾಡನ್ನು ಬಿಟ್ಟರು. ಆ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗುತ್ತಾ, ಪುರಾಣವನ್ನು ಓದಿ ಹೇಳುತ್ತಾ ಜೀವಿಸಿತು.

ಆಮೇಲೆ ಕ್ಷಾಮವು ಬಂತು. ಸ್ವಲ್ಪ ಕಾಲದೊಳಗೆ ತಂದೆ, ತಾಯಿ, ಅಕ್ಕ ಮೂವರೂ ಸತ್ತರು. ರಮಾಬಾಯಿಯವರೂ ಅಣ್ಣನಾದ ಶ್ರೀನಿವಾಸನೂ ಹಸಿವೆಯಿಂದ ದೇಶವೆಲ್ಲಾ ನಡೆದು ೧೮೭೮ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಅವರ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ, ಪಂಡಿತಾ ಎಂಬ ಬಿರುದನ್ನು ಕೊಟ್ಟರು. ೧೮೮೦ರಲ್ಲಿ ಅಣ್ಣನೂ ಸತ್ತನು. ಅದೇ ವರುಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು; ೧೮೮೧ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು; ೧೮೮೨ರ ಪ್ರಾರಂಭದಲ್ಲಿ ಗಂಡನು ವಾಂತಿಭೇದಿಯಿಂದ ತೀರಿಹೋದನು. ಆಗ ಅವರಿಗೆ ಇಪ್ಪತ್ತನಾಲ್ಕು ವರುಷ ಸಹ ತುಂಬಿರಲಿಲ್ಲ. ತವರಿಲ್ಲ, ಗಂಡನಿಲ್ಲ, ಕೈಯಲ್ಲಿ ಒಂದು ಕೂಸು. ಸಹೋದರಿಯರೇ, ನೊವೊಮಿಯ ದೂರನ್ನು ಹೇಳುವದಕ್ಕೆ ಇವರಿಗೆ ಕಾರಣವಿರಲಿಲ್ಲವೇ?

ಅವರು ಪುಣೆಗೆ ಬಂದು, ಅದೇ ವರುಷ ಸ್ತ್ರೀಯರಿಗೋಸ್ಕರ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ನಮ್ಮ ದೇಶದ ಸ್ತ್ರೀಯರು ವೈದ್ಯರಿಲ್ಲದೆ ಸಾಯುವದನ್ನು ಕಂಡು, ತಾವೇ ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಆಸೆಯಿಂದ ೧೮೮೩ರಲ್ಲಿ ಇಂಗ್ಲಂಡಿಗೆ ಹೋದರು. ಅಲ್ಲಿಯೇ ವಾಂಟೇಜ್ ಎಂಬ ಊರಿನಲ್ಲಿ ಅವರಿಗೂ ಮಗಳಿಗೂ ದೀಕ್ಷಾಸ್ನಾನವಾಯಿತು. ಆದರೆ ಕಿವಿ ಮಂದವಾಗುತ್ತಾ ಬಂದದರಿಂದ ವೈದ್ಯರಾಗುವ ಬಾಗಿಲು ಮುಚ್ಚಿಹೋಯಿತು. ಯಾವ ಉದ್ದೇಶಕ್ಕಾಗಿ ಸಮುದ್ರವನ್ನು ದಾಟಿದರೋ ಆ ಉದ್ದೇಶವೇ ಮುರಿದುಬಿತ್ತು. ಆಗ ಅವರು ಏನು ಮಾಡಿದರು? ತಮ್ಮಲ್ಲಿ ಉಳಿದದ್ದನ್ನು ನೋಡಿದರು. ತಾಯಿಯು ಬಾಲ್ಯದಲ್ಲಿ ಕಲಿಸಿದ ಸಂಸ್ಕೃತವು ಉಳಿದಿತ್ತು. ಚೆಲ್ಟನ್‌ಹ್ಯಾಮ್ ಎಂಬ ಊರಿನ ಸ್ತ್ರೀಯರ ಕಾಲೇಜಿನಲ್ಲಿ ಅದನ್ನು ಕಲಿಸುತ್ತಾ, ತಾವು ಬೇರೆ ವಿದ್ಯೆಗಳನ್ನು ಕಲಿತರು. ೧೮೮೬ರಲ್ಲಿ ಅವರ ಸಂಬಂಧಿಕಳಾದ ಆನಂದಿಬಾಯಿ ಜೋಶಿಯವರು ಅಮೇರಿಕಾದ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿಯನ್ನು ಪಡೆದಾಗ ಆ ಸಮಾರಂಭವನ್ನು ನೋಡಲು ಹೋದರು. ತಮಗೆ ಸಿಗದ ಪದವಿಯು ಇನ್ನೊಬ್ಬ ಸ್ತ್ರೀಗೆ ಸಿಕ್ಕಿದ್ದನ್ನು ನೋಡಿ ಸಂತೋಷಪಡಲು ಹೋದ ಆ ಪ್ರಯಾಣದಲ್ಲಿಯೇ ಅವರ ಮುಂದಿನ ಕೆಲಸದ ಬಾಗಿಲು ತೆರೆಯಿತು. ಅಲ್ಲಿಯವರಿಗೆ ನಮ್ಮ ದೇಶದ ವಿಧವೆಯರ ಸ್ಥಿತಿಯನ್ನು ಭಾಷಣಗಳಿಂದಲೂ ೧೮೮೭ರಲ್ಲಿ ಬರೆದ ಒಂದು ಪುಸ್ತಕದಿಂದಲೂ ತಿಳಿಸಿದರು; ಅವರು ಹತ್ತು ವರುಷಗಳ ತನಕ ಸಹಾಯಮಾಡುವೆವೆಂದು ಒಪ್ಪಿಕೊಂಡರು.

೧೮೮೯ನೆಯ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವೆಂಬ ಶಾಲೆಯು ಬಾಲವಿಧವೆಯರಿಗಾಗಿ ತೆರೆಯಲ್ಪಟ್ಟಿತು. ಮರುವರುಷ ಅದು ಪುಣೆಗೆ ಹೋಯಿತು. ೧೮೯೬–೯೭ರ ಕ್ಷಾಮದಲ್ಲಿ ರಮಾಬಾಯಿಯವರು ತಾವೇ ಹೋಗಿ ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರಕೊಂಡು ಬಂದು ಪುಣೆ ಜಿಲ್ಲೆಯ ಕೇಡಗಾಂವಿಯ ಹೊಲದಲ್ಲಿ ಆಶ್ರಯಕೊಟ್ಟರು. ಅದೇ ಮುಕ್ತಿ ಸದನ. ಅಲ್ಲಿ ಸ್ತ್ರೀಯರು ಒಕ್ಕಲುತನ, ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಅಚ್ಚಿನ ಕೆಲಸ ಇವುಗಳನ್ನು ಕಲಿತರು. ಕುರುಡರು ಬೆರಳಿನಿಂದ ಓದುವದನ್ನು ಕಲಿತರು. ಕನ್ನಡ ಸೀಮೆಯ ಗುಲ್ಬರ್ಗದಲ್ಲಿಯೂ, ಅಂದರೆ ಈಗಿನ ಕಲಬುರಗಿಯಲ್ಲಿಯೂ, ೧೯೧೨ರ ಸುಮಾರಿಗೆ ಮಗಳಾದ ಮನೋರಮಾಳ ಮೇಲ್ವಿಚಾರಣೆಯಲ್ಲಿ ಒಂದು ಶಾಲೆಯನ್ನು ತೆರೆದರು. ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸಾಮಾನ್ಯ ಸ್ತ್ರೀಯರಿಗೆ ತಿಳಿಯುವಂಥ ಮರಾಠಿಗೆ ಭಾಷಾಂತರಿಸಿದರು. ೧೯೨೧ರಲ್ಲಿ ಮನೋರಮಾಳೂ ತೀರಿಹೋದಳು. ಆ ದುಃಖದ ಮೇಲೆಯೂ ಭಾಷಾಂತರದ ಕೆಲಸವನ್ನು ಬಿಡದೆ ಪೂರೈಸಿ, ೧೯೨೨ನೆಯ ಏಪ್ರಿಲ್ ೫ರಂದು ಕರ್ತನಲ್ಲಿ ನಿದ್ರೆಹೋದರು.

ಈ ಚರಿತ್ರೆಯನ್ನು ಕೇಳಿ, “ಅವರು ಪಂಡಿತರು, ನಾವು ಕೂಲಿಯವರು” ಎನ್ನಬೇಡಿರಿ. ಅವರ ವಿದ್ಯೆಯನ್ನಲ್ಲ, ಅವರ ನಡೆಯನ್ನು ನೋಡಿರಿ. ಒಂದೊಂದು ಸಾರಿ ಬಾಗಿಲು ಮುಚ್ಚಿದಾಗಲೂ ಅವರು ಉಳಿದದ್ದನ್ನು ಎಣಿಸಿ, ಅದನ್ನು ತಮಗಿಂತ ಕಷ್ಟದಲ್ಲಿದ್ದವರಿಗೋಸ್ಕರ ಉಪಯೋಗಿಸಿದರು. ಹಸಿದು ನಡೆದವರಾದದರಿಂದ ಹಸಿದ ಹುಡುಗಿಯರ ಕಷ್ಟವು ಅವರಿಗೆ ತಿಳಿದಿತ್ತು. ತಾವೇ ವಿಧವೆಯಾಗಿದ್ದದರಿಂದ ವಿಧವೆಯರು ಅವರನ್ನು ನಂಬಿದರು.

ಆದರೂ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ರಮಾಬಾಯಿಯವರಿಂದ ದೊಡ್ಡ ಕೆಲಸವನ್ನು ಮಾಡಿಸುವದಕ್ಕಾಗಿಯೇ ದೇವರು ಅವರ ಗಂಡನನ್ನು ತೆಗೆದುಕೊಂಡನೆಂದು ಯಾರೂ ಹೇಳಬಾರದು. ಅಳುವ ಸ್ತ್ರೀಯ ಮುಂದೆ ಅಂಥ ಮಾತು ಗಾಯಕ್ಕೆ ಉಪ್ಪು ಹಾಕಿದ ಹಾಗೆ. ಲಾಜರನ ಸಮಾಧಿಯ ಬಳಿಯಲ್ಲಿ ನಮ್ಮ ಕರ್ತನು ಕಾರಣವನ್ನು ವಿವರಿಸುತ್ತಾ ನಿಲ್ಲದೆ ಮೊದಲು ಕಣ್ಣೀರು ಸುರಿಸಿದನು. ಮರಣವು ವೈರಿಯೇ. ಆದರೆ ಆ ವೈರಿಯು ಕೆಡವಿದ ಮನೆಯ ಕಲ್ಲುಗಳಿಂದಲೂ ಕಟ್ಟಬಲ್ಲವನು ನಮ್ಮ ದೇವರು.

೫. ಕೆಲಸಗಳು ಅನೇಕ, ಕರ್ತನು ಒಬ್ಬನೇ

ದೇವರ ಸೇವೆಯು ಒಂದೇ ವಿಧವಾದದ್ದಲ್ಲ. ಯೊಪ್ಪದ ತಬಿಥಳ ಕೈಯಲ್ಲಿದ್ದದ್ದು ಸೂಜಿ ದಾರ. ಅವಳು ಸತ್ತಾಗ ವಿಧವೆಯರು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿ ಅತ್ತರು. ಥುವತೈರದ ಲುದ್ಯಳು ಧೂಮ್ರ ವರ್ಣದ ವಸ್ತ್ರಗಳ ವ್ಯಾಪಾರಿ. ಅವಳ ಮನೆಯು ಫಿಲಿಪ್ಪಿಯ ವಿಶ್ವಾಸಿಗಳು ಕೂಡುವ ಸ್ಥಳವಾಯಿತು. ಪ್ರಿಸ್ಕಿಲ್ಲಳು ರೋಮಾಪುರದಿಂದ ಹೊರಡಿಸಲ್ಪಟ್ಟು, ಗಂಡನೊಂದಿಗೆ ಕೊರಿಂಥದಲ್ಲಿ ಗುಡಾರ ಹೊಲಿಯುತ್ತಿದ್ದಳು. ಮುಂದೆ ಅವರಿಬ್ಬರೂ ವಾಕ್ಚತುರನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಪೂರ್ಣವಾಗಿ ವಿವರಿಸಿದರು. ಅನ್ನಳು ಬಹು ವರುಷಗಳ ವಿಧವೆ. ಮುಪ್ಪಿನಲ್ಲಿ ಅವಳಿಗೆ ಉಳಿದದ್ದು ಪ್ರಾರ್ಥನೆಯೊಂದೇ. ಆದರೂ ಶಿಶುವಾದ ಯೇಸುವನ್ನು ಕಂಡು ಇತರರಿಗೆ ತಿಳಿಸಿದವರಲ್ಲಿ ಅವಳ ಹೆಸರು ಸೇರಿದೆ.

ನಮ್ಮ ಕನ್ನಡ ಸೀಮೆಯ ಸಭೆಗಳ ಚರಿತ್ರೆಯೂ ಇದನ್ನೇ ಹೇಳುವದು. ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಬೆಟಗೇರಿಯಲ್ಲಿ ನೆಲೆಗೊಂಡ ಮೇಲೆ, ಗಂಡಸರಾದ ಉಪದೇಶಿಗಳು ಹೋಗಲಾಗದ ಒಳಮನೆಗಳಿಗೆ ಸುವಾರ್ತೆಯನ್ನು ಮುಟ್ಟಿಸಿದವರು ಸ್ತ್ರೀಯರೇ. ಸತ್ಯವೇದವನ್ನು ಮನೆಮನೆಗೆ ಒಯ್ದು ಓದಿ ಹೇಳುತ್ತಿದ್ದ ಅವರಲ್ಲಿ ವಿಧವೆಯರೂ ಇದ್ದರು. ಲೋಕವು ಮೂಲೆಗೆ ಕೂಡ್ರಿಸಿದವರನ್ನು ಕರ್ತನು ತನ್ನ ಬಾಯಾಗಿ ಮಾಡಿಕೊಂಡನು.

೬. ಮನೆಯಲ್ಲಿ ಏನು ಉಳಿದದೆ?

ಹಾಗಾದರೆ ಬದಲಾವಣೆಯ ಹೊಸ್ತಿಲಲ್ಲಿ ನಿಂತಿರುವ ಸಹೋದರಿಯು ಈ ವಾರ ಏನು ಮಾಡಬೇಕು? ಎರಡನೆಯ ಅರಸುಗಳ ಪುಸ್ತಕದ ೪ನೆಯ ಅಧ್ಯಾಯದಲ್ಲಿರುವ ವಿಧವೆಯನ್ನು ನೋಡಿರಿ. ಗಂಡನು ಸಾಲವನ್ನು ಬಿಟ್ಟು ಸತ್ತನು. ಸಾಲಗಾರನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದನು. ಎಲೀಷನು ಆ ವಿಧವೆಗೆ ಕೇಳಿದ್ದು, ಮನೆಯಲ್ಲಿ ಏನು ಉಳಿದದೆಂಬದನ್ನೇ. ಒಂದು ಮೊಗೆ ಎಣ್ಣೆಯ ಹೊರತು ಏನೂ ಇಲ್ಲವೆಂದು ಅವಳು ಹೇಳಿದಳು. ದೇವರು ಆ ಎಣ್ಣೆಯಿಂದಲೇ ಪ್ರಾರಂಭಿಸಿದನು.

ಅದರಂತೆ ಮೊದಲು ಉಳಿದದ್ದನ್ನು ಎಣಿಸಿರಿ. ಒಬ್ಬಳಿಗೆ ಹೊಲಿಗೆ ಬರುವದು. ಒಬ್ಬಳ ಕೈಯ ರೊಟ್ಟಿಯೂ ಶಾವಿಗೆಯೂ ಊರಿಗೆಲ್ಲಾ ಮೆಚ್ಚಿಕೆ. ಒಬ್ಬಳಿಗೆ ಕೋಳಿ, ಆಡು, ಎಮ್ಮೆ ಸಾಕುವ ಹದ ಗೊತ್ತು. ಒಬ್ಬಳು ಹತ್ತನೆಯ ತರಗತಿಯ ವರೆಗೆ ಓದಿದ್ದಾಳೆ. ಒಬ್ಬಳಿಗೆ ಬೇರೇನಿಲ್ಲದಿದ್ದರೂ ಸಮಯವೂ ತಾಳ್ಮೆಯೂ ಉಂಟು. ಇವು ನಮ್ಮ ಎಣ್ಣೆಯ ಮೊಗೆಗಳು.

ಎರಡನೆಯದಾಗಿ, ನೆರೆಯವರನ್ನು ಕೇಳಲು ನಾಚಬೇಡಿರಿ. ಆ ವಿಧವೆಯು ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತಂದಳು. ಪಾತ್ರೆಗಳು ಎಷ್ಟಿದ್ದವೋ ಎಣ್ಣೆಯು ಅಷ್ಟು ಬಂತು. ಒಬ್ಬಳೇ ಮಾಡಲಾಗದ್ದನ್ನು ನಾಲ್ವರು ಕೂಡಿ ಮಾಡಬಹುದು. ಸ್ತ್ರೀಶಕ್ತಿ ಸಂಘಗಳಲ್ಲಿ ಕೂಡಿದವರು ಇದನ್ನು ಬಲ್ಲರು.

ಮೂರನೆಯದಾಗಿ, ಹೊಸ ಕೆಲಸವನ್ನು ಹೊಸ ಸಾಲದಿಂದ ಪ್ರಾರಂಭಿಸಲು ಅವಸರಪಡಬೇಡಿರಿ. ಆ ವಿಧವೆಗೆ ಪ್ರವಾದಿಯು ಎಣ್ಣೆಯನ್ನು ಮಾರಿ ಮೊದಲು ಸಾಲವನ್ನು ತೀರಿಸಿ, ಉಳಿದದ್ದರಿಂದ ಜೀವಿಸಬೇಕೆಂದು ಬುದ್ಧಿ ಹೇಳಿದನು. ೨೦೨೫ನೆಯ ವರುಷದ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಸ್ತ್ರೀಯರು ಕಿರುಸಾಲ ವಸೂಲಿ ಮಾಡುವವರ ಕಾಟವನ್ನು ತಾಳಲಾರದೆ ಸರಕಾರಕ್ಕೆ ಮೊರೆಯಿಟ್ಟದ್ದು ನಿಮಗೆ ನೆನಪಿರಬಹುದು. ಮುಂದಿನ ತಿಂಗಳು ಅಂಥ ಬಲಾತ್ಕಾರವನ್ನು ತಡೆಯುವದಕ್ಕಾಗಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೂ ಹೊರಟಿತು. ಕಾಯಿದೆಯು ಒಳ್ಳೆಯದೇ, ಆದರೂ ವಾರವಾರವೂ ಕಟ್ಟಬೇಕಾದ ಹಣವು ಎಲ್ಲಿಂದ ಬರುವದೆಂದು ಮೊದಲು ಕೂತು ಲೆಕ್ಕಮಾಡುವದು ಬುದ್ಧಿವಂತಿಕೆ.

ನಾಲ್ಕನೆಯದಾಗಿ, ಬಾಗಿಲನ್ನು ಮುಚ್ಚಿಕೊಂಡು ಪ್ರಾರ್ಥಿಸಿರಿ. ಆ ತಾಯಿಯು ಮಕ್ಕಳೊಂದಿಗೆ ಬಾಗಿಲು ಮುಚ್ಚಿಕೊಂಡು ಎಣ್ಣೆಯನ್ನು ಸುರಿದಳು. ಊರಿನ ಬಾಯಿ ನೂರು ಮಾತಾಡುವದು. ವಿಧವೆಗೆ ಇದು ಸಲ್ಲದು, ಹೆಂಗಸಿಗೆ ಅದು ಒಪ್ಪದು ಎನ್ನುವದು. ಅವೆಲ್ಲಾ ಹೊಸ್ತಿಲ ಹೊರಗೆ ಇರಲಿ.

೭. ಸಭೆಯ ಕರ್ತವ್ಯ

ಇಷ್ಟರ ವರೆಗೆ ಸಹೋದರಿಯರಿಗೆ ಹೇಳಿದೆನು. ಈಗ ಸಭೆಯ ಹಿರಿಯರಿಗೂ ನನಗೂ ಸೇರಿಸಿ ಹೇಳುವೆನು. ಬೋವಜನು ರೂತಳಿಗೋಸ್ಕರ ಪ್ರಾರ್ಥಿಸಿ ಸುಮ್ಮನಿರಲಿಲ್ಲ. ತೆನೆಗಳನ್ನು ಬೇಕೆಂದೇ ಬಿಡಬೇಕೆಂದೂ ಯಾರೂ ಅವಳನ್ನು ಪೀಡಿಸಬಾರದೆಂದೂ ಆಳುಗಳಿಗೆ ಕಟ್ಟಳೆ ಕೊಟ್ಟನು. ಯೆರೂಸಲೇಮಿನ ಸಭೆಯಲ್ಲಿ ವಿಧವೆಯರ ಊಟದ ವಿಷಯದಲ್ಲಿ ಲೋಪವಾದಾಗ ಅಪೊಸ್ತಲರು ಏಳು ಮಂದಿಯನ್ನು ನೇಮಿಸಿದರು.

ಅದರಲ್ಲಿಯೂ ಒಂದು ಅನ್ಯಾಯವು ನಮ್ಮಲ್ಲಿ ನಡೆಯಬಾರದು. ಗಂಡನು ಸತ್ತ ಮೇಲೆ ಹೆಂಡತಿಯನ್ನು, “ನಿನಗೇನು ಪಾಲು?” ಎಂದು ತವರಿಗೆ ಕಳುಹಿಸಿಬಿಡುವದುಂಟು. ಚಲ್ಪಹಾದನ ಹೆಣ್ಣುಮಕ್ಕಳು ತಂದೆಯ ಸ್ವಾಸ್ತ್ಯವನ್ನು ಕೇಳಿದಾಗ ಅವರ ಮಾತು ನ್ಯಾಯವಾದದ್ದೆಂದು ಕರ್ತನೇ ತೀರ್ಪು ಕೊಟ್ಟನು (ಅರಣ್ಯಕಾಂಡ ೨೭). ನಮ್ಮ ದೇಶದ ಕಾಯಿದೆಯೂ ಹಾಗೆಯೇ ಇದೆ. ಕ್ರೈಸ್ತರಿಗೆ ಸಲ್ಲುವ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡನು ಉಯಿಲು ಬರೆಯದೆ ಸತ್ತರೆ, ಮಕ್ಕಳಿದ್ದಲ್ಲಿ ಅವನ ಆಸ್ತಿಯ ಮೂರನೆಯ ಒಂದು ಪಾಲು ಹೆಂಡತಿಗೆ ಸಲ್ಲುವದು. ಉಳಿದ ಎರಡು ಪಾಲುಗಳು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ, ಸಮವಾಗಿ ಸಲ್ಲುವವು. ಇದನ್ನು ಪ್ರತಿಯೊಂದು ಸಭೆಯಲ್ಲಿ ಹಿರಿಯರು ಓದಿ ತಿಳಿಸಲಿ. ಪಾಲನ್ನು ಕಿತ್ತುಕೊಂಡು ಸಾಂತ್ವನದ ಕೀರ್ತನೆಯನ್ನು ಹಾಡುವದು ಕರ್ತನಿಗೆ ಅಸಹ್ಯ.

ಈ ಪಾಠದ ಪ್ರಾರಂಭದಲ್ಲಿ ಹೇಳಿದ ಆ ತಾಯಿಯ ಮನೆಗೆ ನಾನು ಕೆಲವು ವಾರಗಳ ಮೇಲೆ ತಿರಿಗಿ ಹೋದೆನು. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆನು. ಆಮೇಲೆ ಎಲೀಷನ ಪ್ರಶ್ನೆಯನ್ನು ಕೇಳಿದೆನು. “ಏನೂ ಇಲ್ರೀ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಸಿಗೆ ಎರಿಯೂದೊಂದು ಬರತೈತ್ರಿ, ನಮ್ಮವ್ವ ಕಲಿಸಿದ್ದು” ಅಂದಳು. ಆ ಊರಿನಲ್ಲಿ ಚೊಚ್ಚಲ ಬಾಣಂತಿಯರಿದ್ದರು. ಕೆಲವರ ಮನೆಯಲ್ಲಿ ಹಿರಿಯ ಹೆಂಗಸರಿರಲಿಲ್ಲ. ಈಗ ಆಕೆಯು ಬೆಳಗಾದರೆ ಎರಡು ಮೂರು ಮನೆಗಳಿಗೆ ಹೋಗುತ್ತಾಳೆ. ಕೂಸಿಗೆ ಎರೆಯುತ್ತಾ, ತನಗೆ ಬಾಯಿಪಾಠವಾಗಿರುವ ಕೀರ್ತನೆಗಳನ್ನು ಹಾಡುತ್ತಾಳೆ. ಕೂಸಿಗೆ ಜ್ವರವಿದ್ದರೆ ಆಸ್ಪತ್ರೆಗೆ ಒಯ್ಯಿರೆಂದು ಮೊದಲು ಹೇಳುವವಳೂ ಆಕೆಯೇ. ಆಕೆಯ ಕಷ್ಟವೆಲ್ಲಾ ತೀರಿತೆಂದು ನಾನು ಬರೆಯಲಾರೆನು. ರಾತ್ರಿಯ ಹೊತ್ತು ಈಗಲೂ ಉದ್ದವೆಂದು ಹೇಳುತ್ತಾಳೆ. ಆದರೆ ದಿನಗಳನ್ನು ಎಣಿಸುವದನ್ನು ಬಿಟ್ಟಿದ್ದಾಳೆ.

ಪ್ರಿಯರೇ, ಕರ್ತನ ಮನೆಯಲ್ಲಿ ಕೆಲಸವಿಲ್ಲದವರೆಂದು ಯಾರೂ ಇಲ್ಲ. ಒಂದು ಕೆಲಸವು ಕೈಯಿಂದ ಜಾರಿದರೆ, ಆ ಕೈಯು ಇನ್ನೊಂದನ್ನು ಹಿಡಿಯುವದಕ್ಕೆ ಬರಿದಾಯಿತೆಂದು ತಿಳುಕೊಳ್ಳೋಣ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನ���ವೊಮಿಯು ಬರಿಗೈಯವಳೆಂದು ಹೇಳಿಕೊಂಡಾಗ ಅವಳ ಹತ್ತಿರ ಏನೇನು ಉಳಿದಿತ್ತು?
೨. ವೈದ್ಯರಾಗುವ ಬಾಗಿಲು ಮುಚ್ಚಿದಾಗ ರಮಾಬಾಯಿಯವರು ತಮ್ಮಲ್ಲಿದ್ದ ಯಾವ ವಿದ್ಯೆಯನ್ನು ಉಪಯೋಗಿಸಿದರು? ಅದನ್ನು ಯಾರಿಂದ ಕಲಿತಿದ್ದರು?
೩. ನಿಮ್ಮ ತಾಯಿಯಿಂದಾಗಲಿ ಅಜ್ಜಿಯಿಂದಾಗಲಿ ನೀವು ಕಲಿತ ಯಾವ ಕೆಲಸವು ನಿಮ್ಮಲ್ಲಿ ಸುಮ್ಮನೆ ಬಿದ್ದದೆ?
೪. ನಿಮ್ಮ ಸಭೆಯಲ್ಲಿ ಈಗ ಹೊಸ್ತಿಲಲ್ಲಿ ನಿಂತಿರುವ ಸಹೋದರಿ ಯಾರು? ಅವಳಿಗೆ ಯಾವ ಪಾತ್ರೆಯನ್ನು ನೀವು ಎರವಾಗಿ ಕೊಡಬಲ್ಲಿರಿ?

ಪ್ರಾರ್ಥನೆ

ವಿಧವೆಯರ ನ್ಯಾಯವನ್ನು ತೀರಿಸುವ ತಂದೆಯೇ, ನಾವು ಕಳಕೊಂಡದ್ದು ನಿನಗೆ ತಿಳಿದದೆ. ನಮ್ಮ ಕಣ್ಣೀರನ್ನು ಒರಸಿ, ಉಳಿದದ್ದನ್ನು ಕಾಣುವ ಕಣ್ಣನ್ನು ಕೊಡು. ಇಂದಿನ ಚಿಕ್ಕ ಕೆಲಸವನ್ನು ತುಚ್ಛವಾಗಿ ಎಣಿಸದಂತೆ ಮಾಡು. ನಮ್ಮ ಸಭೆಯಲ್ಲಿ ಯಾವ ಸಹೋದರಿಯೂ ತಾನು ಬೇಡವಾದವಳೆಂದು ಎಣಿಸದಂತೆ ನಮ್ಮ ಹೃದಯಗಳನ್ನೂ ಬಾಗಿಲುಗಳನ್ನೂ ತೆರೆ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.